ರಿಜಿಸ್ಟರಿನ ‘ಊರು’ ಕಾಲಮಿನಲ್ಲಿ ಮಿಸೌರಿ

ಎರವಲುಕಾರ್ಡು · ಕಲಬುರಗಿ · ಮಂಗಳವಾರ ರಾತ್ರಿ

ನಮ್ಮ ಶಾಖಾ ಗ್ರಂಥಾಲಯದ ಬಾಗಿಲ ಹತ್ತಿರ ಒಂದು ಉದ್ದನೆಯ ರಿಜಿಸ್ಟರ್ ಇದೆ. ಹೆಸರು, ಊರು, ಬಂದ ಹೊತ್ತು, ಸಹಿ. ರಾತ್ರಿ ಬಾಗಿಲು ಹಾಕುವ ಮುಂಚೆ ತಲೆ ಎಣಿಸಿ ಮೊತ್ತ ಬರೆಯುವುದು ನನ್ನ ಕೆಲಸ. ಎಣಿಸುತ್ತಾ ಊರುಗಳನ್ನು ಓದುವುದು ಚಟವಾಗಿಬಿಟ್ಟಿದೆ: ಅಫಜಲಪುರ, ಆಳಂದ, ಜೇವರ್ಗಿ, ಚಿತ್ತಾಪುರ, ಶಹಾಬಾದ. ಹೋದ ವಾರ ಒಂದರ ಕೆಳಗೊಂದು ಮೂರು ಸಾಲಿನಲ್ಲಿ ‘ಮಿಸೌರಿ’ ಅಂತ ಇತ್ತು. ಚಿಂಚೋಳಿ ಕಡೆಯ ಯಾವುದಾದರೂ ತಾಂಡಾ ಇರಬೇಕು ಅಂದುಕೊಂಡು ಮರುದಿನ ಆ ಹುಡುಗಿಯರನ್ನೇ ಕೇಳಿದೆ. ಮೂವರೂ ಪಿಯುಸಿ ಮೊದಲ ವರ್ಷ, ಹಾಸ್ಟೆಲಿನವರು. ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಒಬ್ಬಳು ಮೊಬೈಲ್ ತೋರಿಸಿದಳು. ಮುಖದ ತುಂಬ ನಾಟಕದವರ ಹಾಗೆ ಬಣ್ಣ, ಕೆಂಪು ಗುಂಗುರು ಕೂದಲು, ತಲೆ ಮೇಲೆ ಕಿರೀಟ. ಅಮೆರಿಕದ ಪಾಪ್ ಗಾಯಕಿ, ಚಾಪೆಲ್ ರೋನ್ ಅಂತೆ. ಆಲ್ಬಂ ಹೆಸರು ‘ದಿ ರೈಸ್ ಆಂಡ್ ಫಾಲ್ ಆಫ್ ಎ ಮಿಡ್‌ವೆಸ್ಟ್ ಪ್ರಿನ್ಸೆಸ್’. ಮಿಸೌರಿ ಆ ರಾಜಕುಮಾರಿಯ ಊರು.

ಇಷ್ಟೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹಿರಿಯ ಓದುಗರೊಬ್ಬರು ಸಲಹಾ ಪೆಟ್ಟಿಗೆಗೆ ಚೀಟಿ ಹಾಕಿದ್ದಾರೆ. ಹುಡುಗಿಯರು ಒಂದೇ ಇಯರ್‌ಫೋನ್ ಹಂಚಿಕೊಂಡು ಗುನುಗುತ್ತಾರೆ, ಅದೂ ‘ಹೆಣ್ಣಿಗೆ ಹೆಣ್ಣು ಮರುಳಾಗುವ ಹಾಡು’, ವಾತಾವರಣ ಕೆಡುತ್ತಿದೆ, ಕ್ರಮ ಕೈಗೊಳ್ಳಿ. ಮೇಲಿನವರಿಗೆ ನಾನು ಉತ್ತರ ಬರೆಯಬೇಕು. ನನ್ನ ಸಂಗೀತ ಜ್ಞಾನ ಆಕಾಶವಾಣಿಯ ಕೋರಿಕೆ ಕಾರ್ಯಕ್ರಮದಲ್ಲೇ ನಿಂತುಹೋಗಿದೆ. ಆ ಆಲ್ಬಮ್ಮಿನಲ್ಲಿ ಏನಿದೆ, ಈ ಮಕ್ಕಳಿಗೆ ಯಾಕೆ ಇಷ್ಟು ಹಿಡಿಸಿದೆ, ಗೊತ್ತಿದ್ದವರು ಹೇಳಿ.

ಕ್ಯಾಸೆಟ್ಟು_90 · ಕಲಬುರಗಿ

ಸೂಪರ್ ಮಾರ್ಕೆಟಿನಲ್ಲಿ ಖಾಲಿ ಕ್ಯಾಸೆಟ್ ಕೊಟ್ಟು ಬೇಕಾದ ಹಾಡು ತುಂಬಿಸಿಕೊಳ್ಳುತ್ತಿದ್ದ ಕಾಲದವನು ನಾನು. ಉದ್ದ ಬರೆದರೆ ಸಹಿಸಿಕೊಳ್ಳಿ.

ಆಕೆಯ ಮೂಲ ಹೆಸರು ಕೇಲಿ ರೋಸ್ ಆಮ್‌ಸ್ಟಟ್ಜ್. 1998ರಲ್ಲಿ ಹುಟ್ಟಿದವಳು, ಊರು ಮಿಸೌರಿ ರಾಜ್ಯದ ವಿಲ್ಲರ್ಡ್, ಸಣ್ಣದು. ‘ಚಾಪೆಲ್’ ಅಜ್ಜನ ಅಡ್ಡಹೆಸರು. ‘ರೋನ್’ ಆ ಅಜ್ಜ ಮೆಚ್ಚಿದ್ದ ಹಳೇ ಕೌಬಾಯ್ ಹಾಡಿನ ಕುದುರೆಯಿಂದ ಬಂದದ್ದು. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುತ್ತೇವೆ, ಇಲ್ಲಿ ಮೊಮ್ಮಗಳೇ ಇಟ್ಟುಕೊಂಡಿದ್ದಾಳೆ. ಹದಿಹರೆಯದಲ್ಲೇ ದೊಡ್ಡ ಕಂಪನಿಯ ಕರಾರು ಸಿಕ್ಕಿತು. 2020ರ ಏಪ್ರಿಲಿನಲ್ಲಿ ‘ಪಿಂಕ್ ಪೋನಿ ಕ್ಲಬ್’ ಬಂತು. ಜಗತ್ತಿಗೇ ಲಾಕ್‌ಡೌನ್, ಹಾಡು ನೋಡಿದರೆ ಕ್ಲಬ್ಬಿನಲ್ಲಿ ಕುಣಿಯುವುದರ ಮೇಲೆ. ಅದೇ ವರ್ಷ ಕಂಪನಿ ಕೈಬಿಟ್ಟಿತು. ಊರಿಗೆ ವಾಪಸ್ ಹೋಗಿ ಕಾರಿನಲ್ಲಿ ಕೂತೇ ಕೊಳ್ಳುವ ಡ್ರೈವ್-ಥ್ರೂ ಕಿಟಕಿಯಲ್ಲಿ ನಿಂತು ಕೆಲಸ ಮಾಡಿದಳು.

ಆಲ್ಬಂ ಬಂದದ್ದು 2023ರ ಸೆಪ್ಟೆಂಬರ್ 22ಕ್ಕೆ, 14 ಹಾಡು. ಮೊದಲು ಅಂಥ ಸದ್ದೇನೂ ಇಲ್ಲ. 2024ರಲ್ಲಿ ಇನ್ನೊಬ್ಬ ಪಾಪ್ ಗಾಯಕಿ ಒಲಿವಿಯಾ ರೊಡ್ರಿಗೋ ಪ್ರವಾಸದಲ್ಲಿ ಮುಖ್ಯ ಕಾರ್ಯಕ್ರಮಕ್ಕೆ ಮುಂಚೆ ಹಾಡುವವಳಾಗಿ ಹೋದಳು, ಆಮೇಲೆ ಕೋಚೆಲ್ಲಾ ಸಂಗೀತ ಉತ್ಸವ. ಅಲ್ಲಿಂದ ಏರಿತು ನೋಡಿ, ಆಗಸ್ಟಿನ ಹೊತ್ತಿಗೆ ಅಮೆರಿಕದ ಆಲ್ಬಂ ಪಟ್ಟಿಯಲ್ಲಿ 2ನೇ ಸ್ಥಾನ. 2025ರ ಫೆಬ್ರುವರಿಯಲ್ಲಿ ಹೊಸ ಕಲಾವಿದರಿಗೆ ಕೊಡುವ ಗ್ರ್ಯಾಮಿ. ಪ್ರಶಸ್ತಿ ಹಿಡಿದುಕೊಂಡೇ ಕಂಪನಿಗಳಿಗೆ ಕೇಳಿದ್ದು: ಎಳೆಯ ಕಲಾವಿದರಿಗೆ ಹೊಟ್ಟೆ ತುಂಬುವಷ್ಟು ಸಂಬಳ ಕೊಡಿ, ಆಸ್ಪತ್ರೆ ಖರ್ಚು ನೋಡಿಕೊಳ್ಳಿ. ಆ 2020ರ ಹಾಡು 2025ರಲ್ಲಿ ಹಾಡುಗಳ ಪಟ್ಟಿಯ ಮೊದಲ ಹತ್ತಕ್ಕೆ ಹತ್ತಿತು.

ಚೀಟಿ ಬರೆದವರು ಹೇಳಿದ್ದು ಸುಳ್ಳಲ್ಲ. ಆಕೆ ತಾನು ಲೆಸ್ಬಿಯನ್ ಎಂದು ಮುಚ್ಚುಮರೆ ಇಲ್ಲದೆ ಹೇಳಿಕೊಂಡವಳು, ಹಾಡುಗಳೂ ಹಾಗೇ. ಆದರೆ ಕೇಳಿ ನೋಡಿ, ‘ಪಿಂಕ್ ಪೋನಿ ಕ್ಲಬ್’ ಬರೀ ಪಿಯಾನೊದಿಂದ, ಮನೆಯಲ್ಲಿ ಕೂತು ಹೇಳಿಕೊಂಡ ಹಾಗೆ ಶುರುವಾಗುತ್ತದೆ. ಕೊನೆಗೆ ಗಿಟಾರ್ ಬರುವ ಹೊತ್ತಿಗೆ ಎದ್ದು ನಿಂತಿರುತ್ತೀರಿ. ಎಂಬತ್ತರ ದಶಕದ ಸಿಂಥಸೈಜರ್ ಸದ್ದು, ನನ್ನಂಥ ಮುದುಕನಿಗೂ ಹೊಸದಲ್ಲ.

ಬಿಸಿಲೂರು · ಯಾದಗಿರಿ

ಚರಿತ್ರಾ ಛಲೋ ಹೇಳಿದ್ರಿ ಸರ್. ಆದ್ರ ಗ್ರಂಥಾಲಯ ಇರೂದು ಓದ್ಲಿಕ್ಕಿ. ನಾ ನಾಕು ವರ್ಷ ಅಂಥಾದೇ ಕುರ್ಚಿ ಮ್ಯಾಲ ಕುಂತವ. 43 ಡಿಗ್ರಿ ಬಿಸಿಲಾಗ ಫ್ಯಾನಿನ ಕೆಳಗಿನ ಜಾಗಾ ಸಿಗಲಿ ಅಂತ ಮುಂಜಾನೆನೇ ಹೋಗಿ ಬ್ಯಾಗ್ ಇಟ್ಟು ಬರ್ತಿದ್ವಿ. ಬಾಜೂಕ ಯಾರರ ಗುನುಗಿದ್ರ ತಲಿ ಕೆಡ್ತದ. ಅದು ಭಜನಿ ಪದ ಇದ್ರೂ ನಾ ಚೀಟಿ ಹಾಕ್ತಿದ್ದೆ. ಉಳಿದದ್ದು ನಂಗ ಬ್ಯಾಡ. ಆದ್ರ ಇವೆಲ್ಲಾ ದೊಡ್ಡ ಊರಿನ ಶೋಕಿ, ರೀಲ್ಸ್ ನೋಡಿ ಹತ್ಯಾವ, ನಾಕು ದಿನದಾಗ ಬಿಡ್ತಾವ.

ಬ್ಯಾಕ್‌ಬೆಂಚ್_ಪಿಸಿಎಂಬಿ · ಕಲಬುರಗಿ

ಅಂಕಲ್, ರೀಲ್ಸ್ ನೋಡಿ ಹತ್ತಿದ್ದು ಖರೇ. ‘ಹಾಟ್ ಟು ಗೋ’ ಅಂತ ಒಂದು ಹಾಡದ, ಅದರಾಗ ಅಕ್ಷರಾ ಕೈಲೇ ಮಾಡಿ ತೋರಸ್ತಾರ. ನಮ್ ಗ್ಯಾದರಿಂಗಿನ್ಯಾಗ ಮಾಡಿದ್ವಿ, ಕೆಮಿಸ್ಟ್ರಿ ಮೇಡಂನೂ ಮಾಡಿದ್ರು. (ನಾ ಆ ಮಿಸೌರಿ ಮೂವರೊಳಗ ಇಲ್ಲ, ಆದ್ರ ನಮ್ ಹಾಸ್ಟೆಲಿನ್ಯಾಗೂ ಇದೇ ಹುಚ್ಚು.) ರೀಲ್ಸ್ ಮುಗಿದ ಮ್ಯಾಲ ಪೂರಾ ಆಲ್ಬಂ ಕೇಳಿದ್ವಿ.

ಅದರಾಗ ‘ಕ್ಯಾಲಿಫೋರ್ನಿಯಾ’ ಅಂತ ಅದ. ಯಾರೂ ರೀಲ್ಸ್ ಮಾಡಂಗಿಲ್ಲ, ಅಷ್ಟು ಸಪ್ಪಗ ಅದ. ಆಕಿ ದೊಡ್ಡ ಊರಿಗೆ ಹೋಗ್ಯಾಳ, ಅಲ್ಲಿ ಅನಕೊಂಡಿದ್ದು ಆಗವಲ್ದು, ಮಿಸೌರಿದಾಗ ಗಿಡದ ಎಲಿ ಬಣ್ಣ ಬದಲಾಗೂದು ನೆನಸ್ತಾಳ. ನಾ ಸುರಪುರ ಕಡಿಯಾಕಿ. ಇಲ್ಲಿಗೆ ಬಂದ ಮೊದಲನೇ ತಿಂಗಳು ಅದನ್ನೇ ಹಚ್ಚಿ ಮಲಗ್ತಿದ್ದೆ. ಎಲಿ ಬಣ್ಣ ಬದಲಾಗೂದು ನಾ ನೋಡಿಲ್ಲ, ನಂದು ಹತ್ತಿ ಬಿಡಸೂ ಟೈಮಿನ ಹೊಲ.

ಇನ್ನೊಂದು ಏನಂದ್ರ, ಆಕಿ ಒಮ್ಮೆ ಫೇಲ್ ಆಗಿ ಊರಿಗೆ ವಾಪಸ್ ಬಂದಾಕಿ. ನಮಗ ಎಲ್ಲಾರೂ ಫಸ್ಟ್ ಅಟೆಂಪ್ಟಿನ್ಯಾಗ ನೀಟ್ ಆದೋರ ಕಥಿನೇ ಹೇಳ್ತಾರ, ಫ್ಲೆಕ್ಸ್ ಹಾಕ್ತಾರ. ಈಕಿದು ಸಪ್ಲಿಮೆಂಟರಿ ಕಥಿ. ಅದೇ ಪೋನಿ ಹಾಡು, ಐದು ವರ್ಷ ಬಿಟ್ಟು ಪಾಸ್.

ಸೇಡಂರೋಡ್_ಅವ್ವ · ಕಲಬುರಗಿ

ನನ್ನ ಮಗಳಿಗೆ 15. ಈ ಚರ್ಚೆ ನೋಡಿ ನಿನ್ನೆ ರೊಟ್ಟಿ ಬಡಿಯುತ್ತಾ ಪೂರ್ತಿ ಕೇಳಿದೆ, ಸಾಹಿತ್ಯವನ್ನೂ ಓದಿಕೊಂಡೆ. ಎರಡು ಮೂರು ಹಾಡು ಹದಿನೈದರ ವಯಸ್ಸಿಗಲ್ಲ. ಆಲ್ಬಮ್ಮಿಗೆ ಪೋಷಕರ ಎಚ್ಚರಿಕೆಯ ಗುರುತನ್ನೂ ಹಾಕಿದ್ದಾರೆ. ಇದನ್ನು ಹೇಳಿದ ಕೂಡಲೇ ನನ್ನನ್ನು ಹಳೇ ಕಾಲದವಳು ಅನ್ನಬೇಡಿ. ಮದುವೆ ಮೆರವಣಿಗೆಯ ಡಿಜೆಯಲ್ಲಿ ಬರುವ ಗಂಡು-ಹೆಣ್ಣಿನ ಹಾಡಿಗೂ ನಾನು ಇದೇ ಮಾತು ಆಡುವವಳು. ಅದಕ್ಕೆ ಯಾರೂ ಚೀಟಿ ಹಾಕುವುದಿಲ್ಲ, ಅಜ್ಜಿಯರೂ ಮುಂದೆ ನಿಂತು ಕುಣಿಯುತ್ತಾರೆ.

‘ಪಿಂಕ್ ಪೋನಿ ಕ್ಲಬ್’ ಬಂದಾಗ ಮಾತ್ರ ಕೈ ನಿಂತಿತು. ತಾನು ಕುಣಿಯುವುದನ್ನು ಕಂಡರೆ ಅವ್ವ ಹೇಗೆ ಚೀರಿಕೊಂಡಾಳು ಅಂತ ಆ ಹುಡುಗಿ ತಾನೇ ಊಹಿಸಿಕೊಳ್ಳುತ್ತಾಳೆ. ಅವ್ವನನ್ನು ಬೈಯುವುದಿಲ್ಲ, ಅಣಕಿಸುವುದೂ ಇಲ್ಲ. ನಾನು ಇಲ್ಲಿ ಸುಖವಾಗಿದ್ದೀನಿ ಕಣೇ ಅಂತ ಸಮಾಧಾನ ಮಾಡುವ ದನಿ. ಸಿನಿಮಾಗಳಲ್ಲಿ ಮನೆ ಬಿಟ್ಟುಹೋಗುವ ಹುಡುಗಿ ಒಂದೋ ಬಾಗಿಲು ಬಡಿದು ಹೋಗುತ್ತಾಳೆ, ಇಲ್ಲ ಕಾಲಿಗೆ ಬಿದ್ದು ವಾಪಸ್ ಬರುತ್ತಾಳೆ. ಇವಳು ಎರಡೂ ಮಾಡುವುದಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

ಮಗಳಿಗೆ ಏನು ಹೇಳಬೇಕು ಅಂತ ಇನ್ನೂ ತಿಳಿದಿಲ್ಲ. ಸದ್ಯಕ್ಕೆ, ನಾನೂ ಕೇಳಿದೆ ಅಂತ ಮಾತ್ರ ಹೇಳಿದ್ದೇನೆ. ಅವಳು ಗಾಬರಿಯಾದಳು.

ತೊಗರಿಕಣಜ · ಚಿತ್ತಾಪುರ

ಅಕ್ಕಾರ ರೊಟ್ಟಿ ಹೋತು, ಪಾಪ. ನಂದೊಂದು ಪ್ರಶ್ನಿ. ಈ ಹಾಡಾಕಿ ಬಗ್ಗೆ ಬರದದ್ರಾಗ ಎಲ್ಲಾ ಕಡಿ ಡ್ರ್ಯಾಗ್ ಡ್ರ್ಯಾಗ್ ಅಂತಾರಲ್ಲ, ಏನದು? ನಮ್ ಸಣ್ಣಾಟದಾಗ ಗಂಡಸ್ರು ಸೀರಿ ಉಟ್ಟು ಪಾತ್ರ ಮಾಡ್ತಿದ್ರಲ್ಲ, ಹಂತಾದೇನು?

ಕ್ಯಾಸೆಟ್ಟು_90 · ಕಲಬುರಗಿ

ದೂರದ ಸಂಬಂಧ ಅನ್ನಬಹುದು, ಅದೇ ಅಲ್ಲ. ಸಣ್ಣಾಟದಲ್ಲಿ ಸೀರೆ ಉಟ್ಟವನು ನೋಡುವವರಿಗೆ ಹೆಣ್ಣೇ ಅನ್ನಿಸಬೇಕು, ಅದರಲ್ಲೇ ಅವನ ಹೆಚ್ಚುಗಾರಿಕೆ. ಡ್ರ್ಯಾಗ್‌ನಲ್ಲಿ ವೇಷ ವೇಷ ಅಂತಲೇ ಕಾಣಬೇಕು. ರೆಪ್ಪೆ ಒಂದು ಗೇಣು, ಕೂದಲು ಗೋಪುರದಷ್ಟು. ಗಂಡು ಹೆಣ್ಣು ಅನ್ನುವುದನ್ನೇ ಎತ್ತಿ ಆಡಿಸುವ ಆಟ. ಅಮೆರಿಕದಲ್ಲಿ ಅದು ಬೆಳೆದದ್ದು ಸಲಿಂಗಿಗಳ ಬಾರುಗಳಲ್ಲಿ. ಈಕೆ ಹೆಣ್ಣಾಗಿಯೂ ಅದೇ ವೇಷ ಹಾಕುತ್ತಾಳೆ, ತನ್ನ ಪ್ರವಾಸದಲ್ಲಿ ಆಯಾ ಊರಿನ ಡ್ರ್ಯಾಗ್ ಕಲಾವಿದರನ್ನೇ ಕರೆದು ತನಗಿಂತ ಮುಂಚೆ ವೇದಿಕೆ ಹತ್ತಿಸಿದಳು. ನಮ್ಮ ಕಂಪನಿ ನಾಟಕದವರು ಜಾತ್ರೆಗೆ ಹೋದ ಊರಿನಲ್ಲಿ ಆ ಊರಿನ ಹಾರ್ಮೋನಿಯಂ ಮಾಸ್ತರನ್ನು ಕೂಡಿಸಿಕೊಂಡ ಹಾಗೆ.

ಭೀಮಾತೀರ · ಮೂಲ ಯಾದಗಿರಿ, ಈಗ ಹೈದರಾಬಾದ್

ಇಲ್ಲಿಯ ತನಕ ಎಲ್ಲರೂ ಊರು, ಅವ್ವ, ಹತ್ತಿ ಹೊಲ, ಸಪ್ಲಿಮೆಂಟರಿ ಅಂದಿರಿ. ಓದಿ ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಒಂದು ಮಾತು ಮೆಲ್ಲಗೆ ಜಾರಿಹೋಗುತ್ತಿದೆ. ಅವಳು ಊರು ಬಿಟ್ಟದ್ದು ಬರೀ ದುಡಿಮೆಗಲ್ಲ. ಪಶ್ಚಿಮ ಹಾಲಿವುಡ್ಡಿನ ಒಂದು ಸಲಿಂಗಿಗಳ ಬಾರಿಗೆ ಮೊದಲ ಸಲ ಹೋಗಿ, ಇಲ್ಲಿ ನಾನು ನಾನಾಗಿ ಇರಬಹುದು ಅನ್ನಿಸಿದ್ದರಿಂದ ಹುಟ್ಟಿದ್ದು ‘ಪಿಂಕ್ ಪೋನಿ ಕ್ಲಬ್’ ಹಾಡು. ಹೆಣ್ಣನ್ನು ಪ್ರೀತಿಸುವ ಹೆಣ್ಣು ಅನ್ನುವುದನ್ನು ತೆಗೆದು ಬದಿಗಿಟ್ಟು ‘ಸಣ್ಣ ಊರಿನ ಹುಡುಗಿಯ ಕನಸು’ ಅಂತ ಮಾಡಿದರೆ ನಮಗೆಲ್ಲ ನುಂಗಲು ಸುಲಭ. ಚೀಟಿ ಬರೆದವರು ಆ ಮಟ್ಟಿಗೆ ನಮಗಿಂತ ಸರಿಯಾಗಿ ಕೇಳಿಸಿಕೊಂಡಿದ್ದಾರೆ.

ನನ್ನದು ಹೇಳುತ್ತೇನೆ. ಯಾದಗಿರಿ ಇನ್ನೂ ಜಿಲ್ಲೆಯಾಗಿರದ ಕಾಲ. ಎಸ್ಸೆಸ್ಸೆಲ್ಸಿ ರಜೆಯಲ್ಲಿ ಗ್ರಂಥಾಲಯಕ್ಕೆ ಹೋಗಿ ಇಂಗ್ಲಿಷ್-ಕನ್ನಡ ನಿಘಂಟು ತೆಗೆದೆ. ನನ್ನ ಬಗ್ಗೆ ಒಂದು ಪದ ಹುಡುಕಬೇಕಿತ್ತು. ಬಲಗೈಯಲ್ಲಿ ಪುಟ ತಿರುವುತ್ತಾ ಎಡಗೈಯಲ್ಲಿ ಬೇರೆ ಪುಸ್ತಕ ಅಡ್ಡ ಹಿಡಿದಿದ್ದೆ. ಪದ ಸಿಕ್ಕಿತು. ಅದರ ಮುಂದೆ ಬರೆದಿದ್ದ ಅರ್ಥ ಓದಿ ನಿಘಂಟು ಜಾಗದಲ್ಲಿಟ್ಟು, ಆ ಪುಟದ ಸಂಖ್ಯೆ ಮರೆಯಲು ಪ್ರಯತ್ನ ಮಾಡಿದೆ. ಈಗಲೂ ನೆನಪಿದೆ.

ಆ ಮೂವರು ಯಾರನ್ನು ಪ್ರೀತಿಸುತ್ತಾರೋ ನನಗೆ ಗೊತ್ತಿಲ್ಲ. ಎರವಲುಕಾರ್ಡು ಮೇಡಂ, ದಯಮಾಡಿ ನೀವೂ ಕೇಳಬೇಡಿ. ಮೂವರೂ ಬರೀ ಕುಣಿತಕ್ಕೆ ಕೇಳುತ್ತಿರಬಹುದು. ಮೂವರಲ್ಲಿ ಒಬ್ಬಳು ಬೇರೆ ಕಾರಣಕ್ಕೂ ಕೇಳುತ್ತಿರಬಹುದು, ಪಕ್ಕದ ಇಬ್ಬರಿಗೆ ಅದು ಗೊತ್ತಾಗಬೇಕಿಲ್ಲ. ಒಂದು ಇಯರ್‌ಫೋನಿನ ಒಂದು ತುದಿ ಕಿವಿಯಲ್ಲಿಟ್ಟುಕೊಂಡು ಎಲ್ಲರ ಜೊತೆ ಕೂತೇ ಕೇಳಬಹುದು. ನಿಘಂಟಿನಲ್ಲಿ ಹಾಗಾಗುವುದಿಲ್ಲ.

ಹಳೇಮೇಷ್ಟ್ರು · ಬೀದರ್

ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನ ಒಂದು ಮಾತು. ಇದಕ್ಕೆ ಅಮೆರಿಕಕ್ಕೆ ಹೋಗಬೇಕಿಲ್ಲ. ನಿಮ್ಮ ಯಾದಗಿರಿ ಜಿಲ್ಲೆಯ ಮುದನೂರಿನ ದೇವರ ದಾಸಿಮಯ್ಯ ಯಾವತ್ತೋ ಹೇಳಿದ್ದಾನೆ, ನಡುವೆ ಸುಳಿವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂದು. ನಮ್ಮ ಬಸವಕಲ್ಯಾಣದ ನೆಲದಲ್ಲಿ ಈ ಚರ್ಚೆ ಮುಗಿದು ಎಂಟು ಶತಮಾನವಾಯಿತು.

ಭೀಮಾತೀರ

ಗುರುಗಳೇ, ಕೋಪ ಮಾಡಿಕೊಳ್ಳಬೇಡಿ. ನಮ್ಮ ವಿಷಯ ಬಂದಾಗಲೆಲ್ಲ ಯಾರಾದರೂ ಆ ವಚನ ತಂದಿಟ್ಟು ಮುಂದೆ ಹೋಗಿಬಿಡುತ್ತಾರೆ. ವಚನ ದೊಡ್ಡದೇ. ಆದರೆ ಮನೆಯಲ್ಲಿ ಗಂಡು ನೋಡಲು ಬಂದಾಗ ನನ್ನ ಸಂಕಟ ಆತ್ಮದ್ದಾಗಿರಲಿಲ್ಲ. ಹೆಣ್ಣಾಗಿಯೇ ಇದ್ದೆ, ಹೆಣ್ಣಾಗಿಯೇ ಇನ್ನೊಬ್ಬ ಹೆಣ್ಣನ್ನು ಮೆಚ್ಚಿದ್ದೆ. ಮನೆಗೆ ಬಂದ ಆ ಬಂಧುಗಳಲ್ಲಿ ಇಬ್ಬರಿಗೆ ನೂರಾರು ವಚನ ಬಾಯಿಗೆ ಬರುತ್ತಿತ್ತು.

ಹಳೇಮೇಷ್ಟ್ರು · ಬೀದರ್

ಇಲ್ಲವ್ವಾ, ಕೋಪ ಯಾಕೆ. ಪಾಠ ಮಾಡುವಾಗ ನಾನು ಆ ವಚನವನ್ನು ಅಧ್ಯಾತ್ಮ ಅಂತ ಹೇಳಿ ಬೋರ್ಡು ಒರೆಸಿಬಿಡುತ್ತಿದ್ದೆ. ಕ್ಲಾಸಿನಲ್ಲಿ ನಿನ್ನಂಥವರು ಕೂತಿರಬಹುದು ಅಂತ ಒಂದು ದಿನವೂ ಹೊಳೆದಿಲ್ಲ. ಪಾಪ್ ಹಾಡು ನನಗೆ ತಿಳಿಯುವುದಿಲ್ಲ. ಆದರೆ ನಮ್ಮೂರಲ್ಲಿ ಮಹಮೂದ್ ಗವಾನನ ಮದರಸಾ ಇದೆ, 1472ರದ್ದು. ಅಲ್ಲಿ ಮೂರು ಸಾವಿರ ಹಸ್ತಪ್ರತಿ ಇದ್ದವಂತೆ. ದೇಶದೇಶದಿಂದ ಬಂದವರು ಕೂತು ಓದುತ್ತಿದ್ದರಂತೆ. ಈಗ ಉಳಿದಿರುವುದು ಗೋಡೆ, ಒಂದು ಮಿನಾರು, ಸ್ವಲ್ಪ ನೀಲಿ ಹಂಚು. ಮಕ್ಕಳನ್ನು ಗ್ರಂಥಾಲಯದಿಂದ ಎಬ್ಬಿಸಬೇಡಿ ಅಂತಷ್ಟೇ ನನ್ನ ಅಭಿಪ್ರಾಯ.

ಎರಡನೇಸೂತ್ರ · ಕಲಬುರಗಿ

ಗ್ರಂಥಾಲಯ ವಿಜ್ಞಾನ ಓದುತ್ತಿರುವವನು. ಮೇಡಂ, ಉತ್ತರ ಬರೆಯುವಾಗ ಎರಡು ದೂರುಗಳನ್ನು ಬೇರೆ ಮಾಡಿ. ಸದ್ದಿನ ದೂರು ನ್ಯಾಯವಾದದ್ದು, ಬಿಸಿಲೂರು ಸರ್ ಹೇಳಿದ ಹಾಗೆ ಭಜನೆಗೂ ಅನ್ವಯ. ಹುಡುಗಿಯರಿಗೆ ಒಮ್ಮೆ ಹೇಳಿದರೆ ಮುಗಿಯಿತು. ಯಾರು ಏನು ಕೇಳುತ್ತಾರೆ ಅನ್ನುವುದು ದೂರೇ ಅಲ್ಲ. ಅವರು ಕೇಳುತ್ತಿರುವುದು ಅವರ ಫೋನಿನಲ್ಲಿ, ನಮ್ಮ ಕಪಾಟಿನ ವಸ್ತುವೂ ಅಲ್ಲ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಅವರ ಐದು ಸೂತ್ರಗಳು 1931ರವು. ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. ಓದುಗನ ನಡತೆ ಪ್ರಮಾಣಪತ್ರ ಎಲ್ಲೂ ಕೇಳಿಲ್ಲ.

ತಮಾಷೆ ಏನೆಂದರೆ, ಈ ಗಲಾಟೆ ನಿಜವಾದ ಮಿಸೌರಿಯಲ್ಲೇ ಜೋರು. 2022ರಲ್ಲಿ ಅಲ್ಲಿ ಒಂದು ಕಾಯ್ದೆ ಬಂತು: ವಿದ್ಯಾರ್ಥಿಗಳ ಕೈಗೆ ಅಶ್ಲೀಲ ಚಿತ್ರಗಳಿರುವ ಪುಸ್ತಕ ಕೊಟ್ಟರೆ ಶಾಲೆಯವರ ಮೇಲೆ ಕ್ರಿಮಿನಲ್ ಕೇಸು ಅಂತ ಅದರಲ್ಲಿತ್ತು. ಹೆದರಿದ ಶಾಲೆಗಳು ನೂರಾರು ಪುಸ್ತಕಗಳನ್ನು ಕಪಾಟಿನಿಂದ ಕೆಳಗಿಳಿಸಿದವು, ಅದರಲ್ಲಿ ಸಲಿಂಗಿಗಳ ಬದುಕಿನ ಪುಸ್ತಕಗಳೂ ಹೋದವು. 2023ರಲ್ಲಿ ಸಾರ್ವಜನಿಕ ಗ್ರಂಥಾಲಯಗಳಿಗೂ ನಿಯಮ ಬಂತು, ಸರ್ಕಾರದ ಹಣ ಬೇಕಾದರೆ ಮಕ್ಕಳಿಗೆ ಏನು ಕೊಡುತ್ತೀರಿ ಅಂತ ಲಿಖಿತ ನೀತಿ ತೋರಿಸಬೇಕು. ಈ ಆಲ್ಬಂ ಬಂದದ್ದೂ ಅದೇ ವರ್ಷ. ಪುಸ್ತಕ ಕೆಳಗಿಳಿಸಿದ ರಾಜ್ಯದ ಹುಡುಗಿಯ ಹಾಡು ನಮ್ಮ ಓದುವ ಕೋಣೆಗೆ ಬಂದು ಕೂತಿದೆ.

ಕನ್ನಡದಲ್ಲಿ ಏನಾದರೂ ಇದೆಯೇ ಅಂತ ಮಕ್ಕಳು ಕೇಳಿದರೆ: ಪಿಯು ಮುಗಿಸಿದವರಿಗೆ ವಸುಧೇಂದ್ರರ ‘ಮೋಹನಸ್ವಾಮಿ’, ಸಲಿಂಗಿ ಗಂಡಸಿನ ಬದುಕಿನ ಕಥೆಗಳು, 2013ರದ್ದು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಜನಪದ ಕಲಾವಿದೆ ಮಂಜಮ್ಮ ಜೋಗತಿಯವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’. ಹೆಸರು ನೋಡಿದಿರಾ ಗುರುಗಳೇ, ನಿಮ್ಮ ದಾಸಿಮಯ್ಯನೇ. ಜೋಗತಿ ಪರಂಪರೆ ಬೇರೆ, ಚಾಪೆಲ್ ರೋನ್ ಬೇರೆ, ಎರಡನ್ನೂ ಒಂದೇ ಗಂಟಿಗೆ ಹಾಕಬೇಡಿ. ಆದರೆ ಕಪಾಟಿನಲ್ಲಿ ಅಕ್ಕಪಕ್ಕ ಇರಬಹುದು.

ಬಿಸಿಲೂರು · ಯಾದಗಿರಿ

ಕಾಯ್ದೆದ್ದು ಏನರ ತೊಂದರಿ ಬರ್ತದೇನು ಮೇಡಂಗೆ? ಸಲಿಂಗ ಅಂದ್ರ ದಂಡ ಸಂಹಿತೆದ 377ನೇ ಕಲಂ ಅಲ್ಲ?

ಎರಡನೇಸೂತ್ರ

ಸರ್, ಅದು 2018ರ ಸೆಪ್ಟೆಂಬರ್ 6ಕ್ಕೇ ಹೋಯಿತು. ವಯಸ್ಕರು ಇಬ್ಬರ ಒಪ್ಪಿಗೆ ಇದ್ದರೆ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಮದುವೆಗೆ ಮಾತ್ರ ಕಾನೂನಿನ ಮಾನ್ಯತೆ ಇಲ್ಲ, 2023ರ ಅಕ್ಟೋಬರ್ 17ರ ತೀರ್ಪು. ಹಾಡು ಕೇಳುವುದು ಯಾವ ಕಾಲದಲ್ಲೂ ಅಪರಾಧವಾಗಿರಲಿಲ್ಲ.

ಬಿಸಿಲೂರು · ಯಾದಗಿರಿ

ಅಯ್ಯೋ, ತಾರೀಕು, ಐದು ಮಂದಿ ನ್ಯಾಯಮೂರ್ತಿ, ಕೇಸಿನ ಹೆಸರು, ಎಲ್ಲಾ ಬಾಯಿಪಾಠ ಮಾಡಿದ್ದೆ. ಪೇಪರಿನ್ಯಾಗ ಬರ್ತದಂತ. ಪರೀಕ್ಷಾ ಮುಗಿದ ಮ್ಯಾಲ ತಲಿಯಿಂದ ಹೋತು. ಬಾಜೂಕಿನ ಕುರ್ಚಿಯವರ ವಿಷಯ ಅಂತ ಅವಾಗ ಅನಸಲೇ ಇಲ್ಲ. ಗುನುಗೂದು ಮಾತ್ರ ಬ್ಯಾಡ್ರಿ, ಕೈ ಮುಗೀತೀನಿ.

ಸೇಡಂರೋಡ್_ಅವ್ವ · ಕಲಬುರಗಿ

ಭೀಮಾತೀರ ಅವರಿಗೆ: ನಿಮ್ಮ ನಿಘಂಟಿನ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಮಗಳನ್ನು ಏನೂ ಕೇಳುವುದಿಲ್ಲ ಅಂತ ಗಟ್ಟಿ ಮಾಡಿದ್ದೇನೆ. ಆದರೆ ಅವಳೇ ಏನಾದರೂ ಹೇಳಿದರೆ ನಾನು ಏನು ಹೇಳಬೇಕು?

ಭೀಮಾತೀರ

ಅಕ್ಕಾ, ಅವತ್ತಿನ ಮಟ್ಟಿಗೆ ಏನೂ ಹೇಳದೆ ಊಟಕ್ಕೆ ಕರೆದರೂ ಸಾಕು. ನನಗೆ ಅವತ್ತು ಬೇಕಾಗಿದ್ದದ್ದು ಅಷ್ಟೇ. ಬದಲಾಯಿಸುತ್ತೇವೆ ಅನ್ನುವ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಬೇಡಿ. ಅಂಥ ‘ಚಿಕಿತ್ಸೆ’ ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ಯಾವ ಮಗುವಿಗಾದರೂ ತೀರಾ ಕಷ್ಟವಾದರೆ 14416, ಟೆಲಿ ಮಾನಸ್, ಸರ್ಕಾರದ್ದು, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಎರವಲುಕಾರ್ಡು ಮೇಡಂ, ಸಾಧ್ಯವಾದರೆ ನೋಟಿಸ್ ಬೋರ್ಡಿನಲ್ಲಿ ಆ ನಂಬರ್ ಬರೆದು ಹಾಕಿ. ಪರೀಕ್ಷೆಯ ಚಿಂತೆಗೂ ಅದೇ ನಂಬರ್ ಆದ್ದರಿಂದ ಯಾರೂ ಪ್ರಶ್ನೆ ಕೇಳುವುದಿಲ್ಲ.

ತೊಗರಿಕಣಜ · ಚಿತ್ತಾಪುರ

ನಾನೂ ಕೇಳಿದೆ ಆ ಪೋನಿ ಹಾಡು, ಟ್ರ್ಯಾಕ್ಟರ್ ಮ್ಯಾಲ. ಅರ್ಧಾ ತಿಳೀಲಿಲ್ಲ. ಗಿಟಾರ್ ಛಲೋ ಅದ.

ಎರವಲುಕಾರ್ಡು · ಕಲಬುರಗಿ · ಹತ್ತು ದಿನದ ಮೇಲೆ

ಎಲ್ಲರಿಗೂ ಶರಣು. ಉತ್ತರ ಕಳಿಸಿದೆ. ಎರಡನೇಸೂತ್ರ ಹೇಳಿದಂತೆ ಬರೆದೆ: ಶಬ್ದದ ಬಗ್ಗೆ ಸಂಬಂಧಿಸಿದವರಿಗೆ ತಿಳಿಸಲಾಗಿದೆ, ಓದುಗರು ಸ್ವಂತ ಫೋನಿನಲ್ಲಿ ಏನು ಕೇಳುತ್ತಾರೆ ಎಂಬುದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಮೇಲಿನಿಂದ ಮರುಪ್ರಶ್ನೆ ಬಂದಿಲ್ಲ. ಚೀಟಿ ಹಾಕಿದವರಿಗೆ ಕಿಟಕಿ ಪಕ್ಕದ, ಫ್ಯಾನಿನ ಕೆಳಗಿನ ಜಾಗ ತೋರಿಸಿದೆ, ಅಲ್ಲಿಗೆ ಹೋಗಿದ್ದಾರೆ. ಅಸಮಾಧಾನ ಪೂರ್ತಿ ಹೋಗಿಲ್ಲ, ನನ್ನನ್ನು ನೋಡಿದರೆ ಪೇಪರ್ ಎತ್ತಿ ಹಿಡಿಯುತ್ತಾರೆ. 14416 ಬೋರ್ಡಿನಲ್ಲಿದೆ, ಕೆಇಎ ಪ್ರಕಟಣೆಯ ಪಕ್ಕ. ಹುಡುಗಿಯರಿಗೆ ಗುನುಗಬೇಡಿ ಅಂದಾಗ ಒಬ್ಬಳು, ‘ಮೇಡಂ, ಇನ್ನ ಮ್ಯಾಲ ತುಟಿ ಅಷ್ಟೇ ಆಡಸ್ತೀವಿ’ ಅಂದಳು. ಆಡಿಸುತ್ತಿದ್ದಾರೆ.

‘ಮೋಹನಸ್ವಾಮಿ’ ನಮ್ಮಲ್ಲೇ ಇತ್ತು, ಕಥೆಗಳ ಕಪಾಟಿನ ಹಿಂದಿನ ಸಾಲಿನಲ್ಲಿ, ಧೂಳು ಹಿಡಿದು. ಮುಂದಿನ ಸಾಲಿಗೆ ತಂದಿದ್ದೇನೆ. ಮೂರು ದಿನ ಅಲ್ಲೇ ಇತ್ತು. ನಾಲ್ಕನೆಯ ದಿನ ಒಬ್ಬರು ಎರವಲು ಪಡೆದರು. ಯಾರು ಅಂತ ಇಲ್ಲಿ ಬರೆಯುವುದಿಲ್ಲ, ಆ ಹುಡುಗಿಯರಲ್ಲ.

ಇನ್ನೊಂದು. ಹಳೇ ರಿಜಿಸ್ಟರ್ ತುಂಬಿತು. ಹೊಸದು ಬಂದದ್ದರಲ್ಲಿ ಹೆಸರು, ಹೊತ್ತು, ಸಹಿ ಅಷ್ಟೇ ಅಚ್ಚಾಗಿದೆ, ಊರಿನ ಕಾಲಮೇ ಇಲ್ಲ. ಸಂಜೆ ಮೂವರೂ ಬಂದು ಪೆನ್ನು ಹಿಡಿದು ನಿಂತರು. ‘ಮೇಡಂ, ಊರು ಎಲ್ಲಿ ಬರೀಬೇಕು?’ ಸ್ಕೇಲ್ ತೆಗೆದು ಹೆಸರಿಗೂ ಹೊತ್ತಿಗೂ ನಡುವೆ ಒಂದು ಗೆರೆ ಎಳೆದುಕೊಟ್ಟೆ. ಜಾಗ ಇಕ್ಕಟ್ಟಾಗಿದೆ, ಆದರೆ ಮಿಸೌರಿ ಹಿಡಿಸಿತು. ರಾತ್ರಿ ಎಣಿಸಿದಾಗ ನಾಲ್ಕು ಇದ್ದವು.